ಮೈಕು ಕೇಳಿಸಿಕೊಂಡ ಅರ್ಧ ನಿಮಿಷ

ಆ ದೊಡ್ಡ ಲೈಟು ಆರಿಸಿ, ಹೇಳ್ತೀನಿ. ಇದು ಅವರಿವರು ಹೇಳಿದ್ದಲ್ಲ. ನಮ್ಮ ಸೋದರತ್ತೆ ಮಗನಿಗೇ ಆಗಿದ್ದು. ಟೈಲರ್ ಅವನು.

ಕೊನೇ ಬಸ್ಸು ತಪ್ಪಿ, ರಾತ್ರಿ ಹನ್ನೊಂದೂವರೆಗೆ ಹಾಳುಬಾವಿ ಪಕ್ಕದ ದಾರೀಲಿ ನಡೆದು ಬರ್ತಿದ್ದ. ಕಂಕುಳಲ್ಲಿ ಒಂದು ಡಬ್ಬ. ಡಬ್ಬದೊಳಗೆ ಯಾರೋ ಬಳಸಿ ಬಿಟ್ಟ ಮೈಕು. ಚಪ್ಪಲಿ ಚರಕ್... ಚರಕ್... ಅಂತಿತ್ತು. ಬಾವಿ ಹತ್ತಿರ ಬಂದಾಗ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು. ಹ್ಞುಂ... ಹ್ಞುಂ... ಮಾತು ಶುರುಮಾಡೋ ಮುಂಚೆ ಮಾಡ್ತಾರಲ್ಲ, ಹಾಗೆ.

"ಯಾರದು?" ಅಂದ, ಪಿಸುದನಿಯಲ್ಲಿ.

ಬೇರೆ ದಿನ ಆಗಿದ್ರೆ ಓಟ ಕಿತ್ತಿರೋನು. ಆವತ್ತು ಅವನ ತಲೆ ತುಂಬ ಷಡ್ಡಕನೇ ಇದ್ದ, ದೆವ್ವಕ್ಕೆ ಜಾಗ ಎಲ್ಲಿ?

ಷಡ್ಡಕ ಅಂದ್ರೆ ಹೆಂಡತಿಯ ಅಕ್ಕನ ಗಂಡ. ಮಲಗೋ ಕೋಣೇಲೇ ಪುಟ್ಟ ಸ್ಟುಡಿಯೋ ಮಾಡ್ಕೊಂಡು, ಕಿವಿಯಲ್ಲಿ ಕೇಳೋ ಪುಸ್ತಕಗಳಿಗೆ ಕತೆ ಓದ್ತಿದ್ದ. ಟೈಲರ್‌ನ ಹೆಂಡತಿ ಬಟ್ಟೆ ಮಡಚುವಾಗ, ಪಾತ್ರೆ ತೊಳೆಯುವಾಗ ಅದನ್ನೇ ಕೇಳ್ತಿದ್ದಳು. "ಭಾವ ಓದ್ತಿದ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ ರೀ" ಅನ್ನೋಳು. ಇವನ ಹೊಟ್ಟೆ ಧಗಧಗ ಉರಿಯೋದು. ಅವಳ ಕಿವಿ ಒಂದು ಸಲ ತನ್ನ ಕಡೆ ತಿರುಗಬೇಕು... ಅಷ್ಟೇ ಅವನಿಗೆ ಬೇಕಾಗಿದ್ದು.

ಆಗ ಒಂದು ಕಂಪನಿ, ದೊಡ್ಡ ಕಾದಂಬರಿಯೊಂದಕ್ಕೆ ದನಿ ಹುಡುಕ್ತಿತ್ತು. ಮೊದಲ ಅಧ್ಯಾಯ ಓದಿ ಕಳಿಸಬೇಕು. ಷಡ್ಡಕ ಕಳಿಸ್ತಾನೆ ಅಂತ ಗೊತ್ತಾಗಿದ್ದೇ ತಡ, ಇವನೂ ಪಟ್ಟು ಹಿಡಿದ.

ಕೈಯಲ್ಲಿದ್ದ ದುಡ್ಡು ಅಷ್ಟಕ್ಕಷ್ಟೇ. ಸದ್ದು ಹೀರೋಕೆ ಗೋಡೆಗೆ ಸ್ಪಂಜು ಅಂಟಿಸ್ತಾರಲ್ಲ, ಅದರ ಬದಲು ಕೋಟುಗಳನ್ನ ಸಾಲಾಗಿ ನೇತುಹಾಕಿದ. ಹೊಲಿಸೋಕೆ ಕೊಟ್ಟು ತಗೊಂಡು ಹೋಗೋಕೆ ಬರದೇ ಇದ್ದ ಗಿರಾಕಿಗಳ ಕೋಟು. ಮೈಕಿಗೆ ಉಸಿರು ಬಡಿಯದ ಹಾಗೆ, ಕಸೂತಿ ರಿಂಗಿಗೆ ಲೈನಿಂಗ್ ಬಟ್ಟೆ ಬಿಗಿದು ಪರದೆ ಮಾಡಿದ. ಅಲ್ಲೀವರೆಗೂ ಜಾಣನೇ. ಮೈಕು ಆಯ್ಕೆ ಮಾಡೋವಾಗ ಬುದ್ಧಿ ಕೈಕೊಟ್ಟಿತು.

"ಸಾರ್, ನಿಮ್ಮ ಕೋಣೆಗೆ ಈ ಡೈನಮಿಕ್ ಮೈಕೇ ಸರಿ" ಅಂದ ಅಂಗಡಿಯವನು. "ಬಾಯಿ ಮುಂದೆ ಇರೋದನ್ನ ಮಾತ್ರ ಹಿಡಿಯುತ್ತೆ. ಬೆಲೇನೂ ಕಮ್ಮಿ."

"ಆ ಇನ್ನೊಂದು?"

"ಅದು ಕಂಡೆನ್ಸರ್. ಕೋಣೇಲಿ ಇರೋದನ್ನೆಲ್ಲ ಕೇಳಿಸಿಕೊಳ್ಳುತ್ತೆ. ನಿಮಗೆ ಬೇಡ."

"ನಮ್ಮ ಷಡ್ಡಕನ ಹತ್ರ ಇರೋದು ಅದೇ. ನನಗೂ ಅದೇ ಕೊಡಿ" ಅಂದ ಇವನು. ಹೊಸದಕ್ಕೆ ದುಡ್ಡು ಸಾಲದೆ ಹಳೇದು ತಂದ. ಆ ರಾತ್ರಿ ಬಾವಿ ಪಕ್ಕ ಹೊತ್ಕೊಂಡು ಬಂದಿದ್ದು ಅದನ್ನೇ.

ಬೆಳಗಾಗೋದ್ರೊಳಗೆ ಕಳಿಸಬೇಕಿತ್ತು. ಹೆಂಡತಿ ಮಲಗಿದ್ದಳು. ಕೋಟುಗಳ ನಡುವೆ ಕೂತ. ಓದೋ ಮುಂಚೆ ಅರ್ಧ ನಿಮಿಷ ಬಾಯಿ ಮುಚ್ಚಿ, ಬರೀ ಕೋಣೆಯ ಮೌನವನ್ನ ರೆಕಾರ್ಡ್ ಮಾಡ್ಕೋಬೇಕು. ಆಮೇಲೆ ಬೇಡದ ಸದ್ದು ತೆಗೆಯೋಕೆ ಅದು ಬೇಕಾಗುತ್ತಂತೆ. ಮಾಡಿದ. ಹೆಡ್‌ಫೋನ್ ಹಾಕಿ ಕೇಳಿದ.

ಸ್ಸ್ಸ್... ಗಡಿಯಾರದ ಟಿಕ್... ಟಿಕ್... ಕೋಟಿನ ಗುಂಡಿ ಗೋಡೆಗೆ ತಾಗಿ ಟಕ್. ಆಮೇಲೆ... ಹ್ಞುಂ.

ಒಂದು ಗಂಡು ದನಿ, ಅಧ್ಯಾಯದ ಮೊದಲ ಸಾಲು ಓದಿತು. ಇವನಿನ್ನೂ ಬಾಯೇ ತೆರೆದಿರಲಿಲ್ಲ.

ಎದೆ ಧಸಕ್ ಅಂತು ಅಂದ್ಕೊಂಡ್ರಾ? ಇಲ್ಲ. ಅವನೇ ನನ್ನ ಹತ್ರ ಒಪ್ಕೊಂಡ. "ಭಯ ಆಮೇಲೆ ಬಂತು ಕಣೋ. ಮೊದಲು ಹೊಟ್ಟೆ ಉರೀತು. ಅಷ್ಟು ಚೆನ್ನಾಗಿ ಓದ್ತು."

ಅದಕ್ಕೆ ಸರಿಗಟ್ಟಬೇಕು ಅಂತ ಏಳು ಸಲ ಓದಿದ. ಪ್ರತಿ ಸಲ ರೆಕಾರ್ಡಿಂಗಲ್ಲಿ, ಇವನು ಸುಮ್ಮನಾದ ಕೂಡಲೇ ಅದು ಅದೇ ಸಾಲನ್ನ ಇನ್ನೂ ಚೆನ್ನಾಗಿ ಓದೋದು. ಬೆಳಗಿನ ಜಾವ ಹಲ್ಲು ಕಚ್ಚಿ, ಮೈಕು ಹಾಕಿ, ಬಾಯಿ ಮುಚ್ಚಿ ಕೂತುಬಿಟ್ಟ. ಇಡೀ ಅಧ್ಯಾಯ ಅದೇ ಓದಿತು. ತನ್ನ ಹೆಸರು ಹಾಕಿ ಕಳಿಸಿದ.

ಕೆಲಸ ಇವನಿಗೇ ಸಿಕ್ತು. ಷಡ್ಡಕ ಫೋನ್ ಮಾಡಿ, "ಏನಯ್ಯಾ, ಇಂಥ ದನಿ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?" ಅಂದ. ಮಾತಲ್ಲಿ ಕಿಚ್ಚು ಎದ್ದು ಕಾಣ್ತಿತ್ತು. ಇವನಿಗೆ ಹಾಲು ಕುಡಿದಷ್ಟು ಸಂತೋಷ.

ದಿನಾ ರಾತ್ರಿ ಇವನು ಸುಮ್ಮನೆ ಕೂರೋದು, ಅದು ಓದೋದು. ಮುಗಿದ ಅಧ್ಯಾಯಗಳನ್ನ ಕಂಪನಿ ಒಂದೊಂದಾಗಿ ಬಿಡ್ತಿತ್ತು. ಹೆಂಡತಿ ಭಾವನನ್ನ ಬಿಟ್ಟು ಇದನ್ನೇ ಕೇಳೋಕೆ ಶುರುಮಾಡಿದಳು. ಒಂದು ಸಂಜೆ ಇವನು ಪಕ್ಕದಲ್ಲಿ ಕೂತು ಅಂಗಡಿ ಸುದ್ದಿ ಏನೋ ಹೇಳ್ತಿದ್ದ.

"ಸ್ವಲ್ಪ ಸುಮ್ನಿರ್ತೀರಾ?" ಅಂದಳು. "ಇದನ್ನ ಕೇಳ್ತಿದೀನಿ."

"ಅದು ನಾನೇ ಕಣೆ."

ಅವಳು ಅವನ ಮುಖ ನೋಡಿದಳು. "ಅಲ್ಲ ರೀ" ಅಂದಳು ಮೆಲ್ಲಗೆ. "ನೀವಲ್ಲ."

ಷಡ್ಡಕನ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಅವತ್ತಿಂದ ಆ ದನಿ ಮೇಲೆ ತಿರುಗಿತು. ಊಟ ಸೇರಲಿಲ್ಲ, ಗಿರಾಕಿಗಳ ಬಟ್ಟೇನ ಓರೆಯಾಗಿ ಕತ್ತರಿಸಿಬಿಡೋನು. ಕೊನೇ ಅಧ್ಯಾಯ ಮುಗಿದ ಮಾರನೇ ದಿನವೇ ಮೈಕು ಮಾರಿಬಿಡಬೇಕು ಅಂತ ತೀರ್ಮಾನ ಮಾಡಿದ.

ಅಷ್ಟರಲ್ಲಿ ಅವನ ಅತ್ತೆ ಕಾಲು ಉಳುಕಿಸ್ಕೊಂಡ್ರು, ಹೆಂಡತಿ ತವರಿಗೆ ಹೋದಳು. ಕೊನೇ ಅಧ್ಯಾಯದ ರಾತ್ರಿ, ಮೈಕು ಹಾಕೋ ಮುಂಚೆ ಫೋನ್ ಮಾಡಿದ. ಎತ್ತಿದ್ದು ಅತ್ತೆ. "ಇಲ್ಲೇ ನನ್ನ ಪಕ್ಕದಲ್ಲಿ ಮಲಗಿದಾಳಪ್ಪಾ, ಎಬ್ಬಿಸ್ಲಾ?" ಅಂದ್ರು. ಬೇಡ ಅಂದ.

ಬಾಗಿಲ ಚಿಲಕ ಹಾಕಿ, ಒಬ್ಬನೇ ಕೂತು ರೆಕಾರ್ಡ್ ಮಾಡಿದ. ಆಮೇಲೆ ಹೆಡ್‌ಫೋನ್ ಹಾಕಿ ಕೇಳಿದ. ದನಿ ಕೊನೇ ಸಾಲು ಮುಗಿಸಿತು. ಸ್ಸ್ಸ್... ಟಿಕ್... ಟಿಕ್...

"ಇಷ್ಟ ಆಯ್ತಾ?" ಅಂತ ಪಿಸುಗುಟ್ಟಿತು.

ಒಬ್ಬಳು ಹೆಂಗಸು ನಕ್ಕಳು. ಮೆತ್ತಗೆ... ಮೈಕಿನ ತೀರಾ ಹತ್ತಿರ. ಹದಿಮೂರು ವರ್ಷದ ಸಂಸಾರದಲ್ಲಿ ಹೆಂಡತಿ ತನ್ನ ಮಾತಿಗೆ ಹಾಗೆ ಒಂದು ಸಲಾನೂ ನಕ್ಕಿರಲಿಲ್ಲ ಅಂತ ಅವನು ಅತ್ತುಬಿಟ್ಟ, ನನ್ನೆದುರಿಗೆ.

ಆ ಅಧ್ಯಾಯವನ್ನ ಅವನು ಯಾರಿಗೂ ಕಳಿಸಲಿಲ್ಲ. ನನಗೆ ಮಾತ್ರ ಕೇಳಿಸಿದ, ಮೂರು ಸಲ. ನಗು ಅವಳದ್ದೇ. ಅವಳ ಮದುವೇಲಿ ಓಡಾಡಿದೋನು ನಾನು, ನನಗೆ ಗೊತ್ತಾಗಲ್ವಾ?

ನಾಲ್ಕನೇ ದಿನ ಅವಳು ತವರಿಂದ ಬಂದಳು. ನಾನಲ್ಲೇ ಕುರ್ಚೀಲಿ ಕಾಫಿ ಕುಡೀತಾ ಕೂತಿದ್ದೆ, ಹಾಗಾಗಿ ಇದು ನನ್ನ ಕಿವಿಯಾರೆ ಕೇಳಿದ್ದು. ಇವನು ಅವಳ ಮುಖಾನೇ ನೋಡ್ತಾ, "ಕೊನೇ ಅಧ್ಯಾಯ ಕೇಳ್ತೀಯಾ?" ಅಂದ.

"ಬೇಡ ರೀ" ಅಂದಳು, ಚೀಲ ಕೆಳಗಿಡ್ತಾ. "ಆಗ್ಲೇ ಕೇಳಿದ್ನಲ್ಲ."