ಕಾಜಾ ನಿನಗೆ, ಇಸ್ತ್ರಿ ನನಗೆ

ಬಸ್ ನಿಲ್ದಾಣದಲ್ಲಿ ನನ್ನ ಮುಂದೆ ಹೊಲಿಗೆ ಅಂಗಡಿಯ ಇಬ್ಬರು ಹೆಂಗಸರು ನಿಂತಿದ್ದರು. ಕಿರಿಯವಳು ನೋಡಲು ಗಟ್ಟಿಮುಟ್ಟು. ಇನ್ನೊಬ್ಬಾಕೆಗೆ ತಲೆಯೆಲ್ಲ ನರೆತಿತ್ತು.

“ಅಕ್ಕಾ, ನಾಳೆಯಿಂದ ಬರಲ್ಲ ಅಂತ ಮಾಸ್ಟರಿಗೆ ಹೇಳಿಬಿಡ್ತೀನಿ.”

“ಯಾಕೇ?”

“ನಿಂತು ಇಸ್ತ್ರಿ ಮಾಡಿದ್ರೆ ಸೊಂಟದ ಕೀಲು ಬೆಂಕಿ ಬಿದ್ದ ಹಾಗೆ ಉರಿಯುತ್ತೆ. ಹೇಳಿದ್ರೆ, ‘ಗುಂಡುಕಲ್ಲಿನ ಹಾಗಿದ್ದೀಯ, ನಾಟಕ ಆಡ್ಬೇಡ’ ಅಂತಾರೆ.”

“ಮಾಸ್ಟರ್ ಹತ್ರ ನಾನು ಮಾತಾಡಿದ್ದೀನಿ. ನಾಳೆಯಿಂದ ಇಸ್ತ್ರಿ ನಂದು. ಕೂತು ಗುಂಡಿಗೆ ಕಾಜಾ ಹಾಕೋದು ನಿಂದು.”

“ಈ ವಯಸ್ಸಲ್ಲಿ ನನಗೋಸ್ಕರ ನಿಂತ್ಕೋತೀರಾ?”

“ನಿನಗೋಸ್ಕರ ಅಂತ ಯಾರೇ ಹೇಳಿದ್ದು? ಸೂಜಿಗೆ ದಾರ ಪೋಣಿಸೋದ್ರಲ್ಲೇ ನನಗೆ ಮಧ್ಯಾಹ್ನ ಆಗುತ್ತೆ.”

ಕಿರಿಯವಳು ನಗುತ್ತಲೇ ಕಣ್ಣೊರೆಸಿಕೊಂಡಳು. “ನನ್ನ ನೋವನ್ನ ನಂಬಿದೋರು ನೀವೊಬ್ರೇ ಅಕ್ಕಾ. ನಿಮ್ಮ ಹೊಟ್ಟೆ ತಣ್ಣಗಿರಲಿ.”

“ನೋವು ಏನು ಹಣೆ ಮೇಲೆ ಬರ್ಕೊಂಡು ಬರುತ್ತಾ? ನೀನು ಹೇಳಿದೆ, ನಾನು ಕೇಳಿದೆ, ಮುಗೀತು.”

ಅವರ ಬಸ್ಸು ಬಂತು. ಹಿರಿಯಾಕೆ ಮೊಣಕೈಯಿಂದ ದಾರಿ ಮಾಡಿಕೊಂಡು ಹೋಗಿ ಕಿರಿಯವಳನ್ನು ಕಿಟಕಿಯ ಪಕ್ಕ ಕೂರಿಸಿದಳು. ಒಳಗೆ ಯಾವನೋ, “ಹರೇದವಳು ಕೂತಿದ್ದಾಳೆ, ಮುದುಕಿ ನಿಂತಿದ್ದಾಳೆ!” ಎಂದು ಕೂಗಿದ. ಅವನ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು ನನಗೆ. ಅಷ್ಟರಲ್ಲಿ ಬಸ್ಸು ಹೊರಟಿತು. ಕಿಟಕಿಯಿಂದ ಹಿರಿಯಾಕೆಯ ದನಿ ಕೇಳಿಸಿತು:

“ನಿಂತಿರೋದು ನನ್ನ ಕಾಲು. ನೋವು ನಿನಗ್ಯಾಕಯ್ಯಾ?”