ಗೇಟಿನ ಬಳಿ ಕರೆದ ಹೆಸರು

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೂ ನಮ್ಮ ವಠಾರದ ಮಾಲೀಕರೂ ಆದ ಮುನಿವೆಂಕಟಪ್ಪನವರೇ, ಹೆಡ್‌ಮಾಸ್ಟರ್ ಶ್ರೀರಾಮಪ್ಪ ಸರ್ ಅವರೇ, ಪ್ರಿಯದರ್ಶಿನಿ ಮೇಡಂ ಅವರೇ, ಶಾಮಿಯಾನದ ಹೊರಗೆ ಬಿಸಿಲಿನಲ್ಲಿ ನಿಂತಿರುವ ತಾಯಂದಿರೇ, ಮಕ್ಕಳೇ, ಸಭಿಕರೇ,

ನಾನು ಅಮೃತಮ್ಮ. ಈ ಶಾಲೆಯ ಬಿಸಿಯೂಟದ ಅಡುಗೆ ಸಹಾಯಕಿ. ಓದಿದ್ದು ನಾಲ್ಕನೇ ತರಗತಿ. ಸೌಟು ಹಿಡಿದು ರೂಢಿಯಾದ ಕೈ, ಮೈಕನ್ನೂ ಹಾಗೇ ಹಿಡಿದಿದ್ದೇನೆ; ನಗಬೇಡಿ. ತಪ್ಪಾಗಬಾರದೆಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದೇನೆ.

ಹೋದ ತಿಂಗಳು ನ್ಯೂಜಿಲೆಂಡಿನಿಂದ ಮಾವೋರಿ ಕಲಾವಿದರು ನಮ್ಮ ಕೃಷ್ಣರಾಜಪುರಕ್ಕೆ, ಈ ಶಾಲೆಗೆ ಬಂದಿದ್ದರು. ಎದೆ ತಟ್ಟಿ, ಕಣ್ಣರಳಿಸಿ, ನಾಲಿಗೆ ಚಾಚಿ ಕುಣಿದರು. ಅವತ್ತಿನಿಂದ ನಮ್ಮ ಮಕ್ಕಳು ಲೆಕ್ಕದ ಮೇಷ್ಟ್ರಿಗೂ ನಾಲಿಗೆ ಚಾಚುತ್ತಾರೆ. ಕೇಳಿದರೆ, 'ಇದು ಅವ್ರ ಸಂಸ್ಕೃತಿ ಸಾರ್' ಅನ್ನುತ್ತಾರೆ. ಆದರೆ ನಾನು ಹೇಳಬೇಕಾದದ್ದು ಕುಣಿತಕ್ಕಿಂತ ಮೊದಲು ನಡೆದದ್ದು.

ಅವರು ಗೇಟಿನ ಹೊರಗೇ ನಿಂತುಬಿಟ್ಟರು. ಮುಂದೆ ಒಬ್ಬರು ಅಜ್ಜಿ, ಗದ್ದದ ಮೇಲೆ ಹಚ್ಚೆ. ಅವರ ಮಾತನ್ನು ಪ್ರಿಯದರ್ಶಿನಿ ಮೇಡಂ ನಮಗೆ ಕನ್ನಡದಲ್ಲಿ ತಿಳಿಸಿದರು: 'ಅವರ ಕಡೆ ಹೆಂಗಸೊಬ್ರು ಕೂಗ್ತಾರಂತೆ. ತಮ್ಮ ಸತ್ತವರನ್ನೂ ನಮ್ಮ ಸತ್ತವರನ್ನೂ ನೆನೆಸ್ತಾರಂತೆ. ಒಳಗಿಂದ ನಮ್ಮ ಕಡೆ ಹೆಂಗಸೂ ಕೂಗ್ಬೇಕಂತೆ. ಆಮೇಲೇ ಒಳಗೆ ಬರೋದು.'

'ಸತ್ತೋರ ವಿಷ್ಯ ಈಗ್ಯಾಕೆ ಮೇಡಂ? ಒಂದು ವೆಲ್ಕಮ್ ಸಾಂಗ್ ಹಾಡಿಸ್ಬಿಡಿ' ಎಂದರು ಹೆಡ್‌ಮಾಸ್ಟರ್. ಟೀಚರುಗಳು ಸೀರೆ ಸರಿಮಾಡಿಕೊಂಡರು. ಪ್ಯೂನ್ ಮುನಿರಾಜ್ ಅಣ್ಣ, 'ಅಮೃತಾ, ಪಾತ್ರೆ ತೊಳೀವಾಗ ಏನಾದ್ರೂ ಗುನುಗ್ತಿರ್ತೀಯಲ್ಲ, ಹಾಡ್ಬಿಡು ಬಾ' ಎಂದು ನನ್ನನ್ನು ಮುಂದೆ ತಳ್ಳಿದರು.

ಅಜ್ಜಿ ಕೂಗಿದರು. ಆ ಭಾಷೆ ನನಗೆ ಬರದು. ಆ ದನಿ ಮಾತ್ರ ಗೊತ್ತಿತ್ತು. ನಮ್ಮ ಯಾದಗಿರಿ ಕಡೆ ಸಾವಾದರೆ ಹೆಂಗಸರು ಸತ್ತವರ ಹೆಸರು ಹಿಡಿದು, ಅವರ ಗುಣ ಹೇಳಿ ಹಾಡಿಕೊಂಡು ಅಳುತ್ತಾರೆ.

ಸಭಿಕರೇ, ನನಗೊಬ್ಬ ತಂಗಿ ಇದ್ದಳು, ಕಾವೇರಿ. ಅವ್ವ ಅಪ್ಪ ಊರು ಬಿಟ್ಟು ಇಲ್ಲಿಗೆ ಬಂದು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಅವಳನ್ನು ಎತ್ತಿ ಆಡಿಸಿದ್ದು ನಾನು. ನಾನು ಶಾಲೆ ಬಿಟ್ಟದ್ದೂ ಅದಕ್ಕೇ. ಅವಳಾದರೂ ಓದಲೆಂದು ಇಲ್ಲಿ ಸೇರಿಸಿದೆವು. ಹೋದ ವರ್ಷ ಡೆಂಗಿ ಜ್ವರ ಬಂದು ನಾಲ್ಕೇ ದಿನದಲ್ಲಿ ಹೋದಳು. ಊರಿಗೆ ಒಯ್ಯಲಾಗಲಿಲ್ಲ, ಇಲ್ಲೇ ಮಣ್ಣು ಮಾಡಿದೆವು. ಅವ್ವ ಹಾಡಿ ಅಳಲು ಬಾಯಿ ತೆರೆದಾಗ ವಠಾರದ ಮಾಲೀಕರ ಹೆಂಡತಿ ಪಟಾಲಮ್ಮನವರು ಬಾಗಿಲಿಗೆ ಬಂದು, 'ಜೋರಾಗಿ ಅಳ್ಬೇಡ್ರಮ್ಮ, ಮಿಕ್ಕ ರೂಮಿನೋರು ಹೆದರ್ಕೊಂಡು ಖಾಲಿ ಮಾಡ್ತಾರೆ' ಎಂದರು. ಅವರು ಕೆಟ್ಟವರಲ್ಲ. ಅವತ್ತು ನಮಗೆಲ್ಲ ಕಾಫಿ ಕಳಿಸಿದ್ದರು. ಅಧ್ಯಕ್ಷರೇ, ನಿಮ್ಮ ಮನೆಯವರ ಮೇಲೆ ದೂರು ಹೇಳಲು ನಾನು ಬಂದಿಲ್ಲ. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಷ್ಟೇ.

ಗೇಟಿನ ಬಳಿ ನಾನು ಹಾಡಿದ್ದು ಅವತ್ತು ಅವ್ವನ ಬಾಯಲ್ಲೇ ಉಳಿದ ಆ ಹಾಡನ್ನು. 'ಎವ್ವಾ ಕಾವೇರಿ, ನನ್ನ ಕೂಸ, ಎರಡು ಜಡಿ ಹಾಕಿಸ್ಕೊಂಡು ಇದ ಗೇಟಿನ್ಯಾಗ ಬರತಿದ್ದೆಲ್ಲ, ನನ್ನ ಕೈ ಬಿಡಿಸ್ಕೊಂಡು ಎಲ್ಲಿಗ್ಹೋದಿ' ಎಂದು. ಕಾಂಪೌಂಡಿನಾಚೆ ರೈಲು ಹೋಗುತ್ತಿತ್ತು. ನಮ್ಮ ಕಡೆಯ ಎಳೆದ ಮಾತು. ನಿಮಗೆ ತಿಳಿಯಲಿಲ್ಲವೇನೋ. ಮುಗಿಸಿದಾಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಕಾವೇರಿಯ ಬೆಂಚಿನಲ್ಲಿ ಕೂರುತ್ತಿದ್ದ ಮಕ್ಕಳೂ ತಟ್ಟಿದರು.

ಅಜ್ಜಿ ತಟ್ಟಲಿಲ್ಲ. ಒಳಗೆ ಬಂದು ನನ್ನ ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿ ನಿಂತರು. ಅವರ ಕಣ್ಣೀರು ನನ್ನ ಕೆನ್ನೆಗೆ ಇಳಿಯಿತು. ಕನ್ನಡ ಬಾರದ ಅವರಿಗೆ ತಿಳಿದದ್ದು ಇಲ್ಲಿ ಬೇರೆ ಯಾರಿಗೆ ತಿಳಿಯಿತು?

ಇವತ್ತಿನ ವಾರ್ಷಿಕೋತ್ಸವದ ಆಮಂತ್ರಣದಲ್ಲಿ 'ಸ್ವಾಗತ ಗೀತೆ: ಅಮೃತಮ್ಮ' ಎಂದು ಅಚ್ಚಾಗಿದೆ. ಅದೇ ಹಾಡು ಮತ್ತೊಮ್ಮೆ ಹಾಡಿದರೆ ಶಾಲು ಹೊದಿಸುತ್ತಾರಂತೆ. ಸರ್, ಅದನ್ನು ಒಬ್ಬರಿಗೆ ಒಂದೇ ಸಲ ಹಾಡುವುದು. ಇನ್ನೊಮ್ಮೆ ಹಾಡಬೇಕಾದರೆ ಇನ್ನೊಬ್ಬರು ಸಾಯಬೇಕು. ಶಾಲು ತಟ್ಟೆಯಲ್ಲೇ ಇರಲಿ.

ಕಾವೇರಿ, ಐದನೇ ತರಗತಿ, ಬಿ ವಿಭಾಗ. ಈ ಹೆಸರನ್ನು ಮೈಕಿನಲ್ಲಿ ಹೇಳಲೆಂದೇ ಇವತ್ತು ಒಪ್ಪಿಕೊಂಡೆ. ನಮ್ಮ ಅವ್ವ ಕೊನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಅವಳು ಜೋರಾಗಿ ಅತ್ತರೆ ಯಾರೂ ತಡೆಯಬೇಡಿ. ಚಪ್ಪಾಳೆಯನ್ನೂ ತಟ್ಟಬೇಡಿ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮ್ಮೆಲ್ಲರ ಉಪಕಾರ ದೊಡ್ಡದು. ನಮಸ್ಕಾರ.