ನಿಂಗಜ್ಜಿಗೆ ಕೊಡದ ಎಲೆ ಅಡಿಕೆ

ಆ ಟೀವಿ ಆರಿಸಿ, ಹತ್ತಿರ ಬನ್ನಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ಅಕ್ಕಿಹೆಬ್ಬಾಳಿನ ಹತ್ತಿರ ನಮ್ಮ ಸೋದರತ್ತೆ ಮಗ ಪ್ರಸಾದನಿಗೇ ಆದದ್ದು. ನಂಬದವರು ಈಗಲೇ ಎದ್ದು ಹೋಗಿ ಮಲಗಬಹುದು, ನನಗೇನೂ ಬೇಜಾರಿಲ್ಲ.

ಕೆ.ಆರ್. ಪೇಟೆಯ ಕೊನೇ ಬಸ್ಸು ಪ್ರಸಾದನನ್ನು ತಿರುವಿನಲ್ಲಿ ಇಳಿಸಿ ಹೋಯಿತು. ಅಲ್ಲಿಂದ ಊರಿಗೆ ಗದ್ದೆ ಬದಿಯ ದಾರಿ. ನಡುವೆ ಕಲ್ಲುಬಾವಿ. ಬೆನ್ನ ಮೇಲಿನ ಬ್ಯಾಗಿನಲ್ಲಿ ಲ್ಯಾಪ್‌ಟಾಪು ಮತ್ತು ಮಿಡಿ ಕೀಬೋರ್ಡು. ಬಡಗಿಗಳ ಮನೆ ಹುಡುಗ ಉಳಿ ಬಿಟ್ಟು ಹಿಡಿದ ಕಸುಬು ಅದು: ಮದುವೆಗೆ, ಮೆರವಣಿಗೆಗೆ ಹಾಡು ಕಟ್ಟಿಕೊಡುವುದು. ಕೀಬೋರ್ಡು ಅಂದರೆ ದೊಡ್ಡದೇನಲ್ಲ, ಒಂದು ಮೊಳದ ಹಲಗೆ. ಅದಕ್ಕೆ ಸ್ಪೀಕರಿಲ್ಲ, ಸ್ವಂತ ದನಿಯೂ ಇಲ್ಲ. ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿದರೆ ಮಾತ್ರ ಲ್ಯಾಪ್‌ಟಾಪು ಹಾಡುತ್ತದೆ. ವೈರು ಕಿತ್ತರೆ ಬರೀ ಮರದ ತುಂಡು ಇದ್ದ ಹಾಗೆ. ಈ ಮಾತು ನೆನಪಿರಲಿ.

ಆ ರಾತ್ರಿ ಅವನಿಗೆ ಕಾಲು ಎತ್ತಿಡಲೂ ಮನಸ್ಸಿರಲಿಲ್ಲ. ಬೆಳಗಾದರೆ ಭೂಮಿಕಳ ಮದುವೆ. ತೀರಿಹೋದ ನಿಂಗಜ್ಜಿಯ ಮೊಮ್ಮಗಳು ಅವಳು. ನಿಂಗಜ್ಜಿ ಸೋಬಾನೆ ಪದ ಹೇಳಲು ಕೂತರೆ ಒಲೆ ಮುಂದಿದ್ದ ಹೆಂಗಸರೂ ಸೌಟು ಕೆಳಗಿಡುತ್ತಿದ್ದರು. ಭೂಮಿಕ ವಾರದ ಹಿಂದೆ ಬಂದು ಕೇಳಿದ್ದಳು.

"ಅಣ್ಣ, ಅಜ್ಜಿ ಪದ ನಿನ್ನತ್ರ ಐತಂತಲ್ಲ. ಧಾರೆ ಒತ್ನಲ್ಲಿ ಆಕಣ್ಣ. ಅಜ್ಜಿನೇ ಬಂದಂಗಾಯ್ತದೆ."

ಪ್ರಸಾದ "ಐತೆ ಕಣಮ್ಮ" ಅಂದುಬಿಟ್ಟಿದ್ದ. ಇರಲಿಲ್ಲ. ಅಜ್ಜಿಯ ದನಿಯನ್ನು ಚೂರು ಚೂರು ಮಾಡಿ, ಒಂದೊಂದು ಕೀಗೆ ಒಂದೊಂದು ಚೂರು ಕೂರಿಸಿ, ಗಣಪತಿ ಬಿಡುವ ಮೆರವಣಿಗೆಗೆ ಡಿಜೆ ಹಾಡು ಮಾಡಿದ್ದ. ಹುಡುಗರು ಕುಣಿದು ಧೂಳೆಬ್ಬಿಸಿದರು. ಆಮೇಲೆ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಇಡೀ ಪದವನ್ನು ಅಳಿಸಿದ್ದ. ಪೇಟೆಯಲ್ಲಿ ರಿಪೇರಿ ಮಾಡುವ ಶಂಕರ್ ದಿನವೆಲ್ಲ ತಡಕಾಡಿ, "ಓಗ್ಬುಟ್ಟದೆ ಕಣ್ಲಾ, ಇನ್ನು ಬರಕ್ಕಿಲ್ಲ" ಅಂದಿದ್ದ.

ಅದೂ ಹೋಗಲಿ. ಅದಕ್ಕಿಂತ ದೊಡ್ಡದೊಂದು ಅವನ ಎದೆಯಲ್ಲಿ ಕೂತಿತ್ತು.

ಅಜ್ಜಿಯ ಪದ ರೆಕಾರ್ಡು ಮಾಡಿದ್ದು ಈ ಬಾವಿಯ ಹತ್ತಿರವೇ. ಮನೆಯಲ್ಲಿ ಹಾಲು ಕರೆಯುವ ಮಿಷನ್ನಿನ ಗಲಾಟೆ ಅಂತ ಅಜ್ಜಿಯನ್ನು ಕರೆತಂದು ಚಪ್ಪಡಿ ಮೇಲೆ ಕೂರಿಸಿದ್ದ. ಪದ ಮುಗಿದ ಮೇಲೆ ಅಜ್ಜಿ ಸುಣ್ಣ ಅಂಟಿದ ಬೆರಳಲ್ಲಿ ಕೀಬೋರ್ಡಿನ ಕೊನೇ ಕೀ ಒತ್ತಿದಳು.

"ಇದ್ಯಾಕ್ಲಾ ಮಾತಾಡಕ್ಕಿಲ್ಲ?"

"ಅದು ಮೂಗಿ ಕಣಜ್ಜಿ. ಮುಟ್ಬ್ಯಾಡ, ಸುಣ್ಣ ಅಂಟ್ಕತದೆ" ಎಂದು ಗದರಿ, ಅಂಗಿಯ ತುದಿಯಿಂದ ಒರೆಸಿದ್ದ.

ನಮ್ಮ ಕಡೆ ಪದ ಹೇಳಿಸಿಕೊಂಡವರು ಎಲೆ ಅಡಿಕೆ ಕೊಡಬೇಕು. ಕೊಡುವವರೆಗೆ ಹೇಳಿದವಳು ಕೂತಲ್ಲಿಂದ ಏಳುವುದಿಲ್ಲ. ಎದ್ದರೆ ಹೇಳಿಸಿಕೊಂಡ ಮನೆಗೆ ಏಳಿಗೆಯಿಲ್ಲ. "ಅಂಗ್ಡಿಗೋಗಿ ತತ್ತೀನಿ, ಇಲ್ಲೇ ಕುಂತಿರಜ್ಜಿ" ಎಂದು ಬೈಕು ಹತ್ತಿದ ಪ್ರಸಾದನಿಗೆ ದಾರಿಯಲ್ಲೇ ಪೇಟೆಯಿಂದ ಫೋನು ಬಂತು. ಹೋದವನು ಮರೆತೇಬಿಟ್ಟ.

ಅಜ್ಜಿ ಕತ್ತಲಾದರೂ ಕೂತೇ ಇದ್ದಳು. ಅವತ್ತು ಸೋನೆ ಬೇರೆ. ಮನೆಯವರು ಹುಡುಕಿಕೊಂಡು ಬಂದು ಎತ್ತಿಕೊಂಡು ಹೋಗುವಾಗ, ಯಾಕೆ ಕೂತಿದ್ದೆ ಅಂದರೆ, "ಸುಮ್ನೆ ಕುಂತಿದ್ದೆ" ಅಂದಳಂತೆ. ಪ್ರಸಾದನ ಹೆಸರೆತ್ತಲಿಲ್ಲ. ಜ್ವರ ಬಂತು. ಆ ಜ್ವರದಲ್ಲೇ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೆಣದ ಮುಂದೆ ಇವನು ಎಲ್ಲರಿಗಿಂತ ಜೋರಾಗಿ ಅತ್ತ. ಆ ಅಳುವನ್ನು ನೆನೆದರೆ ಅವನಿಗೆ ತನ್ನ ಮೇಲೆ ತನಗೇ ಹೇಸಿಗೆ.

ಹೀಗೆ ಯೋಚಿಸುತ್ತ ಬಾವಿ ಹತ್ತಿರ ಬಂದ. ಬೆನ್ನ ಹಿಂದೆ...

ಟಕ್.

ನಿಂತ. ಚಾರ್ಜರು ತಗುಲಿರಬೇಕು. ಹೆಜ್ಜೆ ಇಟ್ಟ.

ಟಕ್... ಟಕ್.

ಮತ್ತೆ ನಿಂತ. ಈ ಸಲ ಅವನು ನಿಂತರೂ ಸದ್ದು ನಿಲ್ಲಲಿಲ್ಲ. ಟಕ್... ಟಕ್... ಟಕ್. ಪ್ಲಾಸ್ಟಿಕ್ ಕೀ ಕೆಳಗೆ ಹೋಗಿ ಮೇಲೆ ಬರುವ ಸದ್ದು. ಅವನಿಗಿಂತ ಚೆನ್ನಾಗಿ ಅದನ್ನು ಬಲ್ಲವರಿಲ್ಲ. ಕಪ್ಪೆಗಳು ಒಮ್ಮೆಗೇ ಸುಮ್ಮನಾದವು. ಬ್ಯಾಗು ಇಳಿಸಿ ಜಿಪ್ಪು ಎಳೆದ. ಸರ್‌ರ್... ವೈರು ಸುತ್ತಿಟ್ಟ ಹಾಗೇ ಇತ್ತು. ಆದರೆ ಕೀಬೋರ್ಡಿನ ಪುಟ್ಟ ಕೆಂಪು ದೀಪ ಹತ್ತಿತ್ತು.

ಚಪ್ಪಡಿ ಕಡೆಯಿಂದ ಬಾಯಿ ಸಪ್ಪರಿಸಿದ ಸದ್ದು. ಪಚ್... ಪಚ್...

"ಬಂದ್ಯಾ ಮಗ?"

"ಬಂದೆ ಅಜ್ಜಿ..."

"ತಂದ್ಯಾ?"

ಪ್ರಸಾದ ತನ್ನ ಬರಿಗೈ ನೋಡಿಕೊಂಡ.

"ಓಗ್ಲಿ ಬುಡು... ಕುಂತಿರ್ತೀನಿ."

ಸಿಟ್ಟಿಲ್ಲದ ದನಿ. ಅದನ್ನು ಕೇಳಿಯೇ ಪ್ರಸಾದನ ಎದೆ ಒಡೆಯಿತು. ಬ್ಯಾಗು ಬಾಚಿಕೊಂಡು ಓಡಿದ. ಚಪ್ಪಲಿ ಒಂದು ಗದ್ದೆಯಲ್ಲಿ, ಒಂದು ದಾರಿಯಲ್ಲಿ. ನೇರ ಮದುವೆ ಮನೆಯ ಚಪ್ಪರಕ್ಕೆ ಬಂದು ನಿಂತ. ಎಲ್ಲರೂ ಮಲಗಿದ್ದರು. ಮದರಂಗಿ ಒಣಗಲಿ ಅಂತ ಭೂಮಿಕ ಒಬ್ಬಳೇ ಕೈ ಚಾಚಿಕೊಂಡು ಕೂತಿದ್ದಳು. ಪಕ್ಕದಲ್ಲೇ ತಾಂಬೂಲದ ಎಲೆಯ ರಾಶಿ, ಒದ್ದೆ ಗೋಣಿ ಹೊದಿಸಿ.

"ಎಲೆ ಅಡಿಕೆ ಕೊಡವ್ವ" ಅಂದ.

"ಇಷ್ಟೊತ್ನಲ್ಲಿ ಯಾರ್ಗಣ್ಣ?"

"ಅಜ್ಜಿಗೆ."

ಅಲ್ಲೇ ಕುಸಿದು ಕೂತು ಎಲ್ಲ ಹೇಳಿದ. "ಅವತ್ತು ಬಾವಿತಾವ ಕೂರ್ಸಿ ಬುಟ್ಟೋದೋನು ನಾನೇ ಕಣವ್ವ. ಪದಾನೂ ಇಲ್ಲ. ಅಳ್ಸಾಕ್ಬುಟ್ಟೆ."

ಭೂಮಿಕಳ ಮೂಗು ಕೆಂಪಾಗಿದ್ದು ಚಪ್ಪರದ ಸೀರಿಯಲ್ ಸೆಟ್ಟಿನ ಬೆಳಕಿನಲ್ಲಿ ಕಂಡಿತು. ಆಮೇಲೆ ಮದರಂಗಿ ಕೆಡುವುದನ್ನೂ ನೋಡದೆ ಎರಡು ಎಲೆ ಆರಿಸಿದಳು, ಅಡಿಕೆ ಇಟ್ಟಳು. "ಸುಣ್ಣ ಮರೀಬ್ಯಾಡ" ಎಂದು ಡಬ್ಬಿಯನ್ನೂ ಕೊಟ್ಟಳು.

"ನೀನೂ ಬತ್ತೀಯಾ?"

"ಊಹೂಂ. ನೀನೇ ಕೊಡ್ಬೇಕು. ಓಗು."

ಮತ್ತೆ ಬಾವಿಗೆ ನಡೆದ. ಬರಿಗಾಲು. ಚಪ್ಪಡಿ ಖಾಲಿ. ಎಲೆ ಅಡಿಕೆ ಇಟ್ಟು, ಹಣೆ ಹಚ್ಚಿ, "ತಡಾಯ್ತು ಕಣಜ್ಜಿ... ತಪ್ಪಾಯ್ತು" ಅಂದ. ಕಪ್ಪೆಗಳು ಮತ್ತೆ ವಟಗುಟ್ಟತೊಡಗಿದವು.

ಬೆಳಿಗ್ಗೆ ಧಾರೆ. ಓಲಗದವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ್ದರು. ಪ್ರಸಾದ ಮೂಲೆಯಲ್ಲಿ ಸೌಂಡ್ ಬಾಕ್ಸಿನ ಪಕ್ಕ ತಲೆ ತಗ್ಗಿಸಿ ಕೂತಿದ್ದ. ಲ್ಯಾಪ್‌ಟಾಪು ತೆಗೆದೇ ಇರಲಿಲ್ಲ. ಕೀಬೋರ್ಡು ತೊಡೆ ಮೇಲಿತ್ತು, ವೈರು ಬ್ಯಾಗಿನಲ್ಲಿ. ಹುಡುಗಿಯ ಕೈಮೇಲೆ ಹಾಲು ಬೀಳುವ ಹೊತ್ತಿಗೆ ಕೀಗಳು ಇಳಿಯತೊಡಗಿದವು. ಒಂದಾದ ಮೇಲೊಂದು, ನಿಧಾನ. ಟಕ್... ಟಕ್... ಅವನಿಗೆ ಅಷ್ಟೇ ಕೇಳಿಸಿದ್ದು. ಕಿವಿ ಹಚ್ಚಿದ. ಬರೀ ಪ್ಲಾಸ್ಟಿಕ್ ಸದ್ದು. ಕೊನೇ ಕೀ ಇಳಿಯಿತು, ತುಸು ಹೊತ್ತು ಹಾಗೇ ನಿಂತಿತು, ಮೇಲೆ ಬಂತು.

ಊಟದ ಹೊತ್ತಿನಲ್ಲಿ ಭೂಮಿಕ ಹತ್ತಿರ ಬಂದಳು. ಕಣ್ಣು ತುಂಬಿತ್ತು, ಆದರೆ ನಗುತ್ತಿದ್ದಳು.

"ಅಳ್ಸೋಗದೆ ಅಂತ ಯಾಕಣ್ಣ ಸುಳ್ಳೇಳ್ದೆ? ಪೂರ್ತಿ ಇತ್ತಲ್ಲ. ಕಡೇಲಿ ಅಜ್ಜಿ ನನ್ನೆಸ್ರೂ ಯೋಳುದ್ಲು."

ಅಕ್ಕಪಕ್ಕದ ಯಾರನ್ನು ಕೇಳಿದರೂ ಪದವೇ ಕೇಳಿಲ್ಲ ಅಂದರು. ಭೂಮಿಕ ಮಾತ್ರ ಕೇಳಿದ್ದಳು. ಪ್ರಸಾದನಿಗೆ ಇವತ್ತಿಗೂ ಕೇಳಿಲ್ಲ. ಅಜ್ಜಿ ಕ್ಷಮಿಸಿದಳೋ ಇಲ್ಲವೋ ಅಂತ ಅವನು ನನ್ನನ್ನು ಕೇಳುತ್ತಿರುತ್ತಾನೆ. ನಾನೇನು ಹೇಳಲಿ?

ನೀವು ನಗಬಹುದು. ಆದರೆ ಆ ಕೀಬೋರ್ಡು ಈಗಲೂ ಅವನ ಮನೆಯ ಗೂಡಿನಲ್ಲಿದೆ, ನಾನೇ ಕೈಯಾರೆ ಹಿಡಿದು ನೋಡಿದ್ದೇನೆ. ಕೊನೇ ಕೀ ಮೇಲೆ ಒಂದು ಬೆರಳಿನಷ್ಟು ಸುಣ್ಣ. ಎಷ್ಟು ಒರೆಸಿದರೂ ಬೆಳಗಾಗುವಷ್ಟರಲ್ಲಿ ಇರುತ್ತದೆ. ಮುಟ್ಟಿದರೆ ಇನ್ನೂ ಹಸಿ.